ಒದ್ದೆಯಾಗದ ಮಣ್ಣು

ನಾನು ಹೆಸರು ಮಾಡಿದ್ದು ಒಂದೇ ಒಂದು ಆಟದಿಂದ. ಇಪ್ಪತ್ತೈದು ವರ್ಷ ಜಾದೂ ಮಾಡಿ ಹೊಟ್ಟೆ ಹೊರೆದಿದ್ದೇನೆ, ಎಷ್ಟೋ ಆಟಗಳನ್ನು ಕಲಿತು ಮರೆತಿದ್ದೇನೆ. ಆದರೂ ಸೇಲಂ, ಧರ್ಮಪುರಿ ಕಡೆ ವಯಸ್ಸಾದವರು ಯಾರಾದರೂ ಗುರುತು ಹಿಡಿದರೆ, "ನೀರಿನಿಂದ ಮಣ್ಣು ತೆಗೀತಿದ್ದೋರು ನೀವೇ ಅಲ್ವಾ?" ಎಂದೇ ಕೇಳುತ್ತಾರೆ. ಹೌದು ಎನ್ನುತ್ತೇನೆ. ಅವರ ಮುಖ ಅರಳುತ್ತದೆ. ನಾನು ಮಳೆಯ ಬಗ್ಗೆಯೋ ನೂಲಿನ ಬಗ್ಗೆಯೋ ಮಾತು ತಿರುಗಿಸುತ್ತೇನೆ. ಯಾಕೆ ತಿರುಗಿಸುತ್ತೇನೆ ಎಂಬುದು ನನ್ನ ಹೆಂಡತಿಗೆ ಗೊತ್ತು, ಪಾಪಿರೆಡ್ಡಿಪಟ್ಟಿಯ ಒಬ್ಬ ಮುದುಕಿಗೆ ಗೊತ್ತಿತ್ತು. ಬೇರೆ ಯಾರಿಗೂ ಹೇಳಿಲ್ಲ.

ನಮ್ಮದು ಸೇಲಂನ ನೇಕಾರರ ಮನೆ. ಹೊಸಿಲ ಒಳಗೆ ಕನ್ನಡ, ದಾಟಿದರೆ ತಮಿಳು. ಕನ್ನಡದಲ್ಲಿ ಒಂದಕ್ಷರ ಬರೆಯುವುದನ್ನು ನಮಗೆ ಯಾರೂ ಕಲಿಸಲಿಲ್ಲ. ದೊಡ್ಡವನಾದ ಮೇಲೆ ನಾನೇ ಕೂತು ಕಲಿತೆ. ಆದರೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಕಡಿದ ಎಳೆಯನ್ನು ಕಣ್ಣಿಗೆ ಕಾಣದ ಹಾಗೆ ಗಂಟು ಹಾಕುವುದು ಹಾಲುಹಲ್ಲು ಬೀಳುವ ವಯಸ್ಸಿಗೇ ಬಂದಿತ್ತು. ಬೆರಳುಗಳು ಅಲ್ಲಿ ಪಳಗಿದವು. ಮುಂದೆ ಒಬ್ಬ ಮುದುಕ ಜಾದೂಗಾರ ನಮ್ಮ ಬೀದಿಗೆ ಬಂದು, ಬಟ್ಟಲು ಚೆಂಡು ಆಡಿಸುವಾಗ ನನ್ನ ಕಣ್ಣು ಚೆಂಡು ಅಡಗಿದ್ದ ಕೈಮೇಲೇ ಇದ್ದದ್ದನ್ನು ಕಂಡುಹಿಡಿದು, ಆಟ ಮುಗಿದ ಮೇಲೆ ನನ್ನನ್ನು ಕರೆದ. ಎರಡು ವರ್ಷ ಅವನ ಜೊತೆ ಊರೂರು ಸುತ್ತಿದೆ. ಅವನು ಮಾತು ಬಲ್ಲವನಲ್ಲ. ಮೂರು ಬಣ್ಣದ ಮರಳನ್ನು ನೀರಿನ ಬೋಗುಣಿಗೆ ಸುರಿದು, ಕಲಸಿ, ಆಮೇಲೆ ಒಂದೊಂದೇ ಬಣ್ಣವನ್ನು ಬೇರೆ ಬೇರೆಯಾಗಿ, ಒಣಗಿದ ಮರಳಾಗಿಯೇ ಮುಷ್ಟಿಯಿಂದ ಉದುರಿಸುತ್ತಿದ್ದ. ಬಾಯಿ ಬಿಡುತ್ತಿರಲಿಲ್ಲ. ಗುಟ್ಟು ಇಷ್ಟೇ: ಮರಳನ್ನು ತೊಳೆದು ಒಣಗಿಸಿ, ಬಾಣಲೆಯಲ್ಲಿ ಕಾಯಿಸಿ, ಬಿಸಿಯಿರುವಾಗಲೇ ಜೇನುಮೇಣದ ಚೂರು ಹಾಕಿ ಕೈಯಾಡಿಸಬೇಕು. ಕಣಕಣಕ್ಕೂ ಮೇಣ ಹತ್ತಿದರೆ ನೀರು ಅಂಟುವುದಿಲ್ಲ. ಸುರಿಯುವಾಗಲೇ ನೀರಿನೊಳಗೆ ಹಿಸುಕಿದರೆ ಒಂದೊಂದು ಬಣ್ಣವೂ ಬೇರೆ ಬೇರೆ ಉಂಡೆಯಾಗಿ ನಿಲ್ಲುತ್ತದೆ, ಮೇಲೆ ತಂದು ಬೆರಳು ಸಡಿಲಿಸಿದರೆ ಉದುರುತ್ತದೆ.

ಗುರು ತೀರಿಕೊಂಡ ಮೇಲೆ ನಾನು ಒಂದು ಟೂರಿಂಗ್ ಸಿನಿಮಾ ಡೇರೆಗೆ ಸೇರಿದೆ. ಆಗ ಡೇರೆಯಲ್ಲಿ ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದು ಇನ್ನೊಂದು ಹಾಕುವವರೆಗೆ ಜನ ಸುಮ್ಮನೆ ಕೂರಬೇಕು. ಆ ಹೊತ್ತು ತುಂಬಿಸುವುದು ನನ್ನ ಕೆಲಸ. "ರೀಲು ಮಾತ್ತುರ ವರೈಕ್ಕುಂ ಒರುತ್ತನುಂ ಎಳುಂದಿರಿಕ್ಕ ಕೂಡಾದು" ಎಂದು ಮ್ಯಾನೇಜರು ಮೊದಲ ದಿನವೇ ಹೇಳಿದ್ದ. ರೀಲು ಬದಲಿಸಿ ಮುಗಿಯುವವರೆಗೆ ಒಬ್ಬನೂ ಎದ್ದು ಹೋಗಕೂಡದು. ಆದರೆ ಜನ ಏಳುತ್ತಿದ್ದರು. ನಾನು ಕರವಸ್ತ್ರದಿಂದ ಹೂವು ತೆಗೆಯುವಾಗ ಬೀಡಿ ಹಚ್ಚುತ್ತಿದ್ದರು. ಕತ್ತರಿಸಿದ ಹಗ್ಗವನ್ನು ಕೂಡಿಸಿ ತೋರಿಸಿದಾಗ, ಆಕಳಿಸುತ್ತಾ ಪರದೆಯ ಕಡೆ ನೋಡುತ್ತಿದ್ದರು. ಕೈಚಳಕದಲ್ಲಿ ನನಗೆ ಕೊರತೆ ಇರಲಿಲ್ಲ; ಕನ್ನಡಿ ಇಟ್ಟುಕೊಂಡು ಬೆರಳ ಸಂದಿ ಹುಣ್ಣಾಗುವಷ್ಟು ಅಭ್ಯಾಸ ಮಾಡುತ್ತಿದ್ದೆ. ಆದರೂ ಏನೋ ಇರಲಿಲ್ಲ. ಹೊಸದೊಂದು ಆಟ ಹುಟ್ಟಿಸಿದರೆ ಬದುಕಿದೆ, ಇಲ್ಲದಿದ್ದರೆ ಮಗ್ಗದ ಗುಂಡಿಯೇ ಗತಿ ಎಂಬ ಸ್ಥಿತಿಗೆ ಬಂದಿದ್ದೆ.

ಅಂಥ ಹೊತ್ತಿನಲ್ಲಿ ಡೇರೆ ಪಾಪಿರೆಡ್ಡಿಪಟ್ಟಿಗೆ ಬಂತು. ಮೆಟ್ಟೂರಿನ ಅಣೆಕಟ್ಟೆ ತುಂಬಿ ಆಗ ಹೆಚ್ಚು ಕಾಲವಾಗಿರಲಿಲ್ಲ. ನೀರು ಏರಿದಾಗ ಕಾವೇರಿ ದಂಡೆಯ ಹಳ್ಳಿಗಳಿಂದ ಎದ್ದುಬಂದ ಕೆಲವು ಕನ್ನಡದ ಒಕ್ಕಲು ಮನೆಗಳು ಅಲ್ಲಿಯ ನೆಂಟರ ಹತ್ತಿರ ಜಾಗ ಹಿಡಿದು ಇದ್ದವು. ಆ ಸಂಜೆ ನಾನು ಬಣ್ಣದ ಮರಳಿನ ಆಟ ಮಾಡಿದೆ. ನೀರಿನಿಂದ ಒಣಮರಳು ಉದುರಿದಾಗ ಹಿಂದಿನ ಸಾಲಿನಿಂದ ಒಬ್ಬ ರೈತ ಕೂಗಿದ:

"ನಮ್ಮೂರೂ ನೀರ್ನಾಗೇ ಐತೆ ಕಣಪ್ಪಾ, ಅದ್ನೂ ಅಂಗೇ ಎತ್ಕೊಡು!"

ಡೇರೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹೆಂಗಸರ ಕಡೆ ಒಂದು ಸಾಲು ನಗಲಿಲ್ಲ. ಅವರು ನನ್ನ ಬೋಗುಣಿಯನ್ನೇ ನೋಡುತ್ತಿದ್ದರು. ವೇದಿಕೆಯ ಮೇಲೆ ಅಷ್ಟು ದಿನ ನಿಂತಿದ್ದೆ, ಯಾರೂ ನನ್ನ ಕೈಯನ್ನು ಹಾಗೆ ನೋಡಿರಲಿಲ್ಲ.

ಕಲೆಯವರಿಗೆ ಹೊಸತು ಹೊಳೆಯುವುದು ಹೇಗೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ನನಗೆ ಹೊಳೆದದ್ದು ಹೀಗೆ. ಯಾರೋ ತಮ್ಮ ನೋವಿನ ಮೇಲೆ ತಾವೇ ಆಡಿದ ತಮಾಷೆಯ ಮಾತನ್ನು ನಾನು ಎತ್ತಿಕೊಂಡೆ. ನನ್ನ ಜೀವನದ ಏಕೈಕ ಸ್ವಂತ ಆಟ ಅದು, ಅದರ ಬೀಜವೂ ನನ್ನದಲ್ಲ. ಆದರೂ ಮರುದಿನ ನನಗಾದ ಹಿಗ್ಗು ಹೇಳತೀರದು. ಬೆಳಿಗ್ಗೆಯೇ ಎದ್ದು ಆ ಮನೆಗಳ ಕಡೆ ಹೋದೆ.

ಮೊದಲ ಮನೆಯ ಜಗಲಿಯ ಮೇಲೆ ಹಗ್ಗದ ಮಂಚದಲ್ಲಿ ಒಬ್ಬ ಮುದುಕರು ಮಲಗಿದ್ದರು. ಸೊಂಟದ ಕೆಳಗೆ ಶಕ್ತಿ ಇರಲಿಲ್ಲ. ನಾನು ಕನ್ನಡದಲ್ಲಿ ಮಾತಾಡಿದ್ದೇ ಸಾಕಾಯಿತು ಅವರಿಗೆ.

"ಯಾವೂರಪ್ಪಾ ನೀನು? ಸೇಲಂ? ಕೂತ್ಕೋ, ಕೂತ್ಕೋ. ಬಿಸ್ಲಿಗೆ ಯಾಕೆ ನಿಂತೆ?"

ಊರಿನ ಬಗ್ಗೆ ಕೇಳಿದೆ. ಎರಡು ಗಂಟೆ ಹೇಳಿದರು. ಹೊಳೆಗೆ ಇಳಿಯುವ ದಾರಿಯಲ್ಲಿ ಎರಡು ಕವಲಾಗಿದ್ದ ಹುಣಸೆಮರ, ಅದರ ಬುಡದಲ್ಲಿ ಗುಂಡುಕಲ್ಲಿನ ದೇವರು, ಪಕ್ಕದಲ್ಲಿ ಇವರ ಹೊಲ. ಹೊಲದ ಮಣ್ಣು ಎಂಥದು ಎಂದು ನಾನೇ ಕೇಳಿದೆ, ಕನಿಕರದವನ ಹಾಗೆ ಮುಖ ಮಾಡಿಕೊಂಡು.

"ಕರೀ ಮಣ್ಣು. ಕಾಗೆಬಂಗಾರ ಬೆರ್ತಿರ್ತದೆ, ಬಿಸ್ಲಿಗೆ ಮಿಣ ಮಿಣ ಅಂತದೆ. ರಾಗಿ ಆಕಿದ್ರೆ ಆಳುದ್ದ ಬರ್ತಿತ್ತು ಕಣಪ್ಪಾ." ಹೇಳಿ ಕಣ್ಣು ಒರೆಸಿಕೊಂಡರು. "ನೀನು ಕೇಳ್ದೆ ನೋಡು. ಇಲ್ಲಿ ಯಾರೂ ಕೇಳಾಕಿಲ್ಲ."

ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ಕುಡಿದು ಬಂದೆ. ಡೇರೆಯ ಹಿಂದೆ ಕೂತು, ಹೆಂಡತಿ ಮನೆಯಲ್ಲಿ ಹುರಿದುಕೊಟ್ಟಿದ್ದ ಮರಳಿಗೆ ಮಸಿ ಬೆರೆಸಿ ಬಣ್ಣ ಹೊಂದಿಸಿದೆ. ಕಾಗೆಬಂಗಾರ ಹುಡುಕುವುದು ಕಷ್ಟವಾಗಲಿಲ್ಲ, ಆ ಕಡೆಯ ಗುಡ್ಡಗಳಲ್ಲಿ ಬೇಕಾದಷ್ಟಿದೆ. ಅದನ್ನೂ ಪುಡಿ ಮಾಡಿ ಹಾಕಿದೆ.

ಎರಡು ದಿನ ಬಿಟ್ಟು ಆಟ ಕಟ್ಟಿದೆ. ಮಣ್ಣಿನ ಉಂಡೆಗಳನ್ನು ಮೊದಲೇ ಬೋಗುಣಿಯ ತಳದಲ್ಲಿ ಅಡಗಿಸಿ, ನೀರಿಗೆ ಅರಿಸಿನ ಕುಂಕುಮ ಇಟ್ಟೆ. ಡೇರೆಯಲ್ಲಿ ಅಲ್ಲಿಯವರೆಗೆ ಎಲ್ಲ ಮಾತೂ ತಮಿಳಿನಲ್ಲೇ ನಡೆಯುತ್ತಿತ್ತು. ನಾನು ಕನ್ನಡದಲ್ಲಿ, ನಮ್ಮ ಮನೆಯ ಮಾತಿನಲ್ಲಿ ಶುರು ಮಾಡಿದೆ. "ಕಾವೇರಮ್ಮ ತನ್ ಮಡ್ಲಿಗೆ ಆಕ್ಕೊಂಡಿದ್ದನ್ನ ಅವ್ಳನ್ನೇ ಕೇಳಿ ತರ್ತೀನಿ. ಹೊಳೆಗಿಳಿಯೋ ದಾರೀಲಿ ಎರಡ್ ಕವ್ಲಿನ ಉಣಸೇಮರ ಕಾಣ್ತಾ ಐತೆ. ಬುಡದಾಗೆ ಗುಂಡ್ಕಲ್ಲು ದೇವ್ರು ಕುಂತೈತೆ..." ಎನ್ನುತ್ತಾ ಕೈ ಮುಳುಗಿಸಿದೆ. ಹೆಂಗಸರ ಕಡೆಯಿಂದ ಒಂದು ಕೂಗು ಎದ್ದಿತು. ಮುಷ್ಟಿ ಮೇಲೆತ್ತಿ ಬೆರಳು ಸಡಿಲಿಸಿದಾಗ ಗ್ಯಾಸ್ ಲೈಟಿನ ಬೆಳಕಿಗೆ ಕರಿಮಣ್ಣು ಮಿಣಮಿಣ ಎನ್ನುತ್ತಾ ಉದುರಿತು. ಮೊನ್ನೆ ಬಣ್ಣದ ಮರಳಿನ ಆಟ ನೋಡಿದ್ದವರೂ ಎದ್ದು ನಿಂತರು. ರೀಲು ಸಿದ್ಧವಾಗಿ ಬಹಳ ಹೊತ್ತಾದರೂ ಮ್ಯಾನೇಜರು ಸಿನಿಮಾ ಬಿಡಲಿಲ್ಲ. ಒಬ್ಬೊಬ್ಬರೇ ಬಂದು ಸೆರಗಿನಲ್ಲಿ, ಮೇಲ್ವಸ್ತ್ರದಲ್ಲಿ ಮಣ್ಣು ಹಾಕಿಸಿಕೊಂಡು ಕಣ್ಣಿಗೊತ್ತಿಕೊಂಡರು. ಮಜ್ಜಿಗೆ ಕೊಟ್ಟ ಮುದುಕಿಯೂ ಬಂದಳು. ನಾನು ತಲೆಗೆ ರುಮಾಲು ಸುತ್ತಿ ಹಣೆ ತುಂಬ ವಿಭೂತಿ ಬಳಿದಿದ್ದೆ. ಗುರುತು ಹಿಡಿದಳೋ ಇಲ್ಲವೋ ತಿಳಿಯದು.

"ಸಾಮೀ, ನಮ್ ಯಜಮಾನ್ರಿಗೆ ಏಳಾಕೆ ಆಗಾಕಿಲ್ಲ. ಅವ್ರ ಪಾಲಿಂದೂ ಒಂದಿಡಿ ಕೊಡಿ."

ಎರಡು ಹಿಡಿ ಹಾಕಿದೆ.

ಅಲ್ಲಿಂದ ನನ್ನ ಕಾಲ ಬದಲಾಯಿತು. ನೋಟೀಸಿನಲ್ಲಿ ಸಿನಿಮಾದ ಹೆಸರಿಗಿಂತ ಮೇಲೆ ನನ್ನ ಹೆಸರು ಬಂತು. ಡೇರೆ ಹೋದಲ್ಲೆಲ್ಲ ನಾನು ಒಂದು ದಿನ ಮುಂಚೆ ಹೋಗಿ, ಮುಳುಗಿದ ಊರಿನವರು ಯಾರಿದ್ದಾರೆಂದು ವಿಚಾರಿಸಿ, ಅವರ ಜಗಲಿಯಲ್ಲಿ ಕೂರುತ್ತಿದ್ದೆ. ಬಾವಿ ಎಲ್ಲಿತ್ತು, ಮರ ಯಾವುದು, ಮಣ್ಣು ಕೆಂಪೋ ಕಪ್ಪೋ. ಜನ ಹೇಳುವುದಕ್ಕೆ ಕಾದು ಕೂತಿದ್ದರು. ಅವರು ಅಳುವಾಗ ಯಾವ ಮಾತಿಗೆ ಅತ್ತರು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡು, ಸಂಜೆ ಅದೇ ಮಾತನ್ನು ವೇದಿಕೆಯ ಮೇಲಿಂದ ಅವರಿಗೇ ಹೇಳುತ್ತಿದ್ದೆ. ಊರಿಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನಮ್ಮೂರ ಹೊಳೆ ತಿರುಮಣಿಮುತ್ತಾರಿನ ಮರಳು ಹುರಿದುಕೊಡುತ್ತಿದ್ದಳು. "ಇವತ್ತು ಯಾವೂರ ಮಣ್ಣು ಬೇಕು? ಕೆಂಪಾ, ಕಪ್ಪಾ?" ಎಂದು ನಗೆಯಾಡುತ್ತಿದ್ದಳು. ಡೇರೆಯಲ್ಲಿ ಏನು ನಡೆಯುತ್ತದೆ ಎಂದು ಅವಳು ನೋಡಿರಲಿಲ್ಲ. ಜನ ಬೆರಗಾಗುತ್ತಾರೆ ಎಂದಷ್ಟೇ ನಾನು ಹೇಳಿದ್ದೆ.

ಮುಂದಿನ ವರ್ಷ ಡೇರೆ ಮತ್ತೆ ಪಾಪಿರೆಡ್ಡಿಪಟ್ಟಿಗೆ ಹೋಯಿತು. ಎರಡನೆಯ ದಿನ ಬೆಳಿಗ್ಗೆ ನಾನು ರುಮಾಲು ಸುತ್ತಿಕೊಂಡು ಬೇವಿನಕಡ್ಡಿ ಜಗಿಯುತ್ತಾ ನಿಂತಿದ್ದಾಗ ಆ ಮುದುಕಿ ಬಂದು ಕೈಮುಗಿದಳು.

"ಯಜಮಾನ್ರಿಗೆ ಇಂಗಾಗಿ ಒಂಬತ್ತು ದಿವ್ಸ ಆಯ್ತು ಸಾಮೀ. ಊಟ ಇಲ್ಲ, ಮಾತಿಲ್ಲ, ಉಸ್ರು ಮಾತ್ರ ಓಗ್ತಾ ಬರ್ತಾ ಐತೆ. ಮಣ್ಣಾಸೆ ಅಂತಾರೆ. ಊರ ಮಣ್ಣು ನೀರ್ನಾಗೆ ಕರಗ್ಸಿ ಬಾಯಿಗ್ ಬಿಟ್ರೆ ಸಮಾಧಾನವಾಗಿ ಓಗ್ತಾರಂತೆ. ನೀವು ಕೊಟ್ಟಿದ್ದು ಜೋಪಾನವಾಗಿ ಮಡಗಿವ್ನಿ. ನೀವೂ ಬಂದು ನಿಂತ್ರೆ ಒಳ್ಳೇದು."

ಆಗಲೇ ಹೇಳಬಹುದಿತ್ತು. ಊರಿನವರು ಯಾರೂ ಹತ್ತಿರ ಇರಲಿಲ್ಲ. ಇವತ್ತು ಆಟದ ಸಿದ್ಧತೆ ಇದೆ ಎಂದು ತಪ್ಪಿಸಿಕೊಳ್ಳಲಾದರೂ ನೋಡಬಹುದಿತ್ತು. ಆದರೆ ಆಕೆ 'ಸಾಮಿ' ಎಂದು ಕರೆದಾಗ ಮ್ಯಾನೇಜರು ಡೇರೆಯ ಬಾಗಿಲಲ್ಲಿ ಬಂದು ನಿಂತು ಕೇಳಿಸಿಕೊಳ್ಳುತ್ತಿದ್ದ. ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಹಣೆಗೆ ವಿಭೂತಿ ಬಳಿದುಕೊಂಡು ಹೊರಟೆ.

ಮನೆಯಲ್ಲಿ ನೆರೆಹೊರೆಯವರು ಸೇರಿದ್ದರು. ಮುದುಕರು ಮೂಳೆಯಾಗಿದ್ದರು. ಕಣ್ಣು ತೆರೆದೇ ಇತ್ತು. ಆಕೆ ದೇವರ ಗೂಡಿನಿಂದ ಬಟ್ಟೆಯ ಗಂಟು ತಂದು ಬಿಚ್ಚಿ, ಹಿತ್ತಾಳೆ ಲೋಟದ ನೀರಿಗೆ ಒಂದು ಚಿಟಿಕೆ ಹಾಕಿ ಬೆರಳಾಡಿಸಿದಳು. ಮಣ್ಣು ಕರಗಲಿಲ್ಲ. ಮೇಣ ಹತ್ತಿದ ಮರಳು ನೀರಿನೊಳಗೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಒಂದಿಷ್ಟು ಮೇಲೆ ತೇಲಿತು, ಒಂದಿಷ್ಟು ತಳದಲ್ಲಿ ಹೊಳೆಯುತ್ತಾ ಕೂತಿತು. ನೆರೆಯವರು ಕೈಮುಗಿದರು. ಆಕೆ ಮುಗಿಯಲಿಲ್ಲ. ಮತ್ತೆ ಮತ್ತೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಇದು ಕರಗ್ತಾ ಇಲ್ವಲ್ಲ ಸಾಮೀ?"

ನನ್ನ ಬಾಯಿ ತಡವರಿಸಲಿಲ್ಲ. ವೇದಿಕೆಯ ಮೇಲೆ ಏನಾದರೂ ತಪ್ಪಿದಾಗ ಮುಚ್ಚಿಕೊಳ್ಳಲು ಮಾತು ಹುಟ್ಟುತ್ತದಲ್ಲ, ಅಷ್ಟೇ ಸಲೀಸಾಗಿ ಹೇಳಿದೆ: "ಕರಗಾಕಿಲ್ಲ ಅವ್ವಾ. ನೀರು ಗೆದ್ದು ಬಂದ ಮಣ್ಣು ಅದು. ಇನ್ನು ಅದ್ಕೆ ನೀರು ಅಂಟಾಕಿಲ್ಲ. ಅಂಗೇ ಆಕಿ."

ಆಕೆ ಅದನ್ನು ಬೆರಳ ತುದಿಯಲ್ಲಿ ತೆಗೆದು ಗಂಡನ ನಾಲಿಗೆಯ ಮೇಲೆ ಇಟ್ಟು, ನೀರು ಬಿಟ್ಟಳು. ನೀರು ಬಾಯಿಯ ಅಂಚಿನಿಂದ ಹರಿದುಹೋಯಿತು. ಮುದುಕರ ನಾಲಿಗೆ ಅಲ್ಲಾಡಿತು. ಬಹಳ ಹೊತ್ತು ಅಲ್ಲಾಡುತ್ತಲೇ ಇತ್ತು. ಒಣಗಿದ ತುಟಿಯ ಮೇಲೆ ನಾಲ್ಕು ಕಣ ಮಿನುಗುತ್ತಿದ್ದವು. ನಾನು ಅಲ್ಲಿಂದ ಎದ್ದು ಬಂದೆ. ಮರುದಿನ ಮಧ್ಯಾಹ್ನ ಅವರು ತೀರಿಕೊಂಡರೆಂದು ಸುದ್ದಿ ಬಂತು.

ಇದಕ್ಕಿಂತ ನಾಚಿಕೆಗೇಡಿನದು ಆಮೇಲೆ ನಡೆದದ್ದು. ಮ್ಯಾನೇಜರು ಆ ಸಾವಿನ ಕಥೆಯನ್ನು ಊರೂರಲ್ಲಿ ಹೇಳಿಸಿದ. ಒಂಬತ್ತು ದಿನ ಹೋಗದ ಜೀವ ನನ್ನ ಮಣ್ಣು ಮುಟ್ಟಿದ್ದೇ ಹೋಯಿತು ಎಂದು ತಮಟೆ ಬಾರಿಸಿ ಸಾರಿದರು. ಜನ ಇನ್ನೂ ಹೆಚ್ಚು ಬಂದರು. ನಾನು ಬೇಡ ಎನ್ನಲಿಲ್ಲ. ಹೆಚ್ಚುಕಡಿಮೆ ಒಂದು ವರ್ಷ ಹಾಗೇ ನಡೆಸಿದೆ. ಮೊದಮೊದಲು ಆ ತುಟಿ ನೆನಪಾಗುತ್ತಿತ್ತು. ಆಮೇಲೆ ಬೋಗುಣಿಗೆ ಕೈ ಹಾಕುವಾಗ ಯಾವ ನೆನಪೂ ಬರುತ್ತಿರಲಿಲ್ಲ. ಒಂದು ಕೆಲಸವನ್ನು ದಿನವೂ ಚೆನ್ನಾಗಿ ಮಾಡುತ್ತಾ ಹೋದರೆ ಅದು ಏನು ಎಂಬುದೇ ಮರೆತುಹೋಗುತ್ತದೆ.

ನಿಲ್ಲಿಸಿದ್ದು ನನ್ನ ಹೆಂಡತಿ. ಒಮ್ಮೆ ಮ್ಯಾನೇಜರು ಸೇಲಂನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಎಲೆಯ ಮುಂದೆ ಕೂತು, ನನ್ನನ್ನು ಹೊಗಳುವ ಉತ್ಸಾಹದಲ್ಲಿ ಆ ಮುದುಕರ ಕಥೆಯನ್ನೆಲ್ಲ ಅವಳಿಗೆ ಹೇಳಿದ. ಅವಳು ಬಡಿಸುವುದನ್ನು ನಿಲ್ಲಿಸಲಿಲ್ಲ. ಅವನು ಹೋದ ಮೇಲೆ ಬಾಣಲೆಯನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಬೂದಿ ಹಾಕಿ ತಿಕ್ಕತೊಡಗಿದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

"ಸಾಯೋ ಮನ್ಸನ ಬಾಯಿಗಾ?" ಎಂದಳು, ತಲೆಯೆತ್ತದೆ.

"ನಾನಾಗಿ ಆಕ್ಲಿಲ್ಲ. ಅವ್ರೇ ಕರೆದ್ರು..."

"ಉರಿದವ್ಳು ನಾನು." ತಿಕ್ಕುತ್ತಲೇ ಇದ್ದಳು. "ಆಟ ಅಂದ್ರಿ. ಆಟ ಅಂತ ಉರಿದ್ಕೊಟ್ಟೆ. ಇನ್ಮೇಲೆ ಈ ಮನೇಲಿ ಅದು ಆಗಾಕಿಲ್ಲ. ನೀವು ಓಗಿ ಆ ಅಮ್ಮಂಗೆ ಏಳ್ಬಿಟ್ಟು ಬನ್ನಿ."

"ಈಗ ಏಳಿದ್ರೆ ಏನ್ ಪ್ರಯೋಜನ? ನೊಂದ್ಕೊಂತಾರೆ, ಅಷ್ಟೇ."

"ಅವ್ರ್ ನೊಂದ್ಕೊಳ್ಳೋದು ಅವ್ರಿಗ್ ಬಿಡಿ. ನೀವು ಓಗಿ."

ಮೂರು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಸ್ಸು ಹತ್ತಿದೆ. ನನ್ನಷ್ಟಕ್ಕೆ ನಾನೇ ಹೋದೆ ಎಂದು ಹೇಳಿಕೊಳ್ಳಲು ಆಸೆ. ಆದರೆ ಹೋದದ್ದು ಹೀಗೆ.

ಮುದುಕಿ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ವಿಭೂತಿ, ರುಮಾಲು ಇಲ್ಲದ ನನ್ನನ್ನು ನೋಡಿ ಒಂದು ಗಳಿಗೆ ಯೋಚಿಸಿ, ಗುರುತು ಹಿಡಿದು ಏಳಹೋದಳು. ಏಳಬೇಡಿ ಎಂದೆ. ನಿಂತೇ ಹೇಳಿದೆ, ಕೂತರೆ ಹೇಳಲಾರೆ ಎನ್ನಿಸಿತು.

"ಅವ್ವಾ, ನಾನು ಸಾಮಿ ಅಲ್ಲ. ಜಾದೂ ಮಾಡೋನು. ಅವತ್ತು ಬೆಳಿಗ್ಗೆ ಬಂದು ಯಜಮಾನ್ರ ಹತ್ರ ಊರಿನ ಇಚಾರ ಎಲ್ಲಾ ಕೇಳ್ಕೊಂಡು ಓದೋನು ನಾನೇ. ನೀವು ಮಜ್ಜಿಗೆ ಕೊಟ್ರಿ. ಆ ಮಣ್ಣು ನಿಮ್ಮೂರಿಂದಲ್ಲ."

ಆಕೆಯ ಕೈ ನಿಂತಿತು. ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟಳು.

"ಅಂಗಾರೆ ಅವ್ರ ಬಾಯಿಗೆ ನಾನು ಆಕಿದ್ದು ಏನು?"

"ಸೇಲಂ ಹೊಳೆ ಮರಳು. ಮೇಣ ಆಕಿ ಉರಿದಿದ್ದು."

"ಏನ್ ಮೇಣ?"

"ಜೇನುಮೇಣ."

"ವಿಸ ಅಲ್ವಲ್ಲ?"

"ಅಲ್ಲ ಅವ್ವಾ. ದೇವರಾಣೆಗೂ ಅಲ್ಲ."

ಆಕೆ ತಲೆಯಾಡಿಸಿದಳು. ಅಷ್ಟು ಮಟ್ಟಿಗೆ ಸಮಾಧಾನವಾದ ಹಾಗೆ ಕಂಡಿತು. ನಾನು ಉಸಿರು ಬಿಟ್ಟೆ. ಆಗ ಆಕೆ ಹೇಳಿದಳು:

"ನಾಲ್ಗೇಲಿ ಉಳ್ಳಾಡಿಸ್ತಾನೇ ಇದ್ರು ಕಣಪ್ಪಾ, ನೀನು ಓದ್ಮೇಲೂ. ರಾತ್ರಿಯೆಲ್ಲಾ. ಮಣ್ಣಿನ ರುಚಿ ನೋಡ್ತಾವ್ರೆ ಅನ್ಕೊಂಡಿದ್ದೆ. ಅದು ಕರಗ್ಲಿ ಅಂತ ಕಾಯ್ತಾ ಇದ್ರೇನೋ."

ನನಗೆ ಕಾಲಿಗೆ ಬೀಳಬೇಕೆನ್ನಿಸಿ ಬಗ್ಗಿದೆ. ಆಕೆ ಕಾಲನ್ನು ಸೀರೆಯ ಒಳಗೆ ಎಳೆದುಕೊಂಡಳು.

"ಬೇಡ. ಓಗು. ಇನ್ಮೇಲೆ ಈ ಕಡೆ ಬರ್ಬೇಡ."

ಮತ್ತೆ ಬೀಜ ಬಿಡಿಸತೊಡಗಿದಳು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ರಸ್ತೆಯ ಆಚೆ, ಬಸ್ಸು ನಿಲ್ಲುವ ಹುಣಸೆಮರದ ಕೆಳಗೆ ನಿಂತರೆ ಆಕೆಗೆ ಕಾಣುತ್ತೇನೆಂದು ಮುಂದಿನ ಊರಿನವರೆಗೆ ನಡೆದೇ ಹೋದೆ.

ಮಣ್ಣಿನ ಆಟ ಇನ್ನು ಮಾಡುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಅವನು ವಾದ ಮಾಡಲಿಲ್ಲ. ತಿಂಗಳೊಳಗೆ ಇನ್ನೊಬ್ಬನನ್ನು ಕರೆತಂದ. ಗುಟ್ಟು ಡೇರೆಯವರಿಗೆಲ್ಲ ಗೊತ್ತಿತ್ತು, ನನ್ನ ಮಾತುಗಳೂ ಎಲ್ಲರಿಗೂ ಬಾಯಿಪಾಠವಾಗಿದ್ದವು. ನಾನು ಡೇರೆ ಬಿಟ್ಟೆ. ಆಟ ಡೇರೆಯಲ್ಲೇ ಉಳಿಯಿತು. ಹುಟ್ಟಿಸುವುದು ನನ್ನ ಕೈಲಿತ್ತು, ನಿಲ್ಲಿಸುವುದು ಇರಲಿಲ್ಲ. ನಾನು ಎಡಪ್ಪಾಡಿ, ಸೇಲಂ ಕಡೆ ಶಾಲೆಗಳಲ್ಲಿ, ಮದುವೆಮನೆಗಳಲ್ಲಿ ಕರವಸ್ತ್ರ, ಹಗ್ಗದ ಸಣ್ಣಪುಟ್ಟ ಆಟ ಮಾಡಿಕೊಂಡು, ಬಾಕಿ ದಿನ ಮಗ್ಗಕ್ಕೆ ಕೂತು ಬದುಕಿದೆ. "ಆ ಮಣ್ಣಿನ ಐಟಂ ಮಾಡಿ" ಎಂದು ಜನ ಕೇಳುತ್ತಿದ್ದರು. ಬರುವುದಿಲ್ಲ ಎನ್ನುತ್ತಿದ್ದೆ. ಯಾಕೆ ಎಂದು ಹೇಳುವ ಧೈರ್ಯ ಒಂದು ಸಲವೂ ಆಗಲಿಲ್ಲ.

ಎರಡು ವರ್ಷದ ಮೇಲೆ ಯಾವುದೋ ಕೆಲಸಕ್ಕೆ ಅದಿಯಮಾನ್‌ಕೋಟೆಗೆ ಹೋದಾಗ ಅದೇ ಡೇರೆ ಅಲ್ಲಿ ಹಾಕಿತ್ತು. ಹೋಗಬಾರದೆಂದುಕೊಂಡೇ ಟಿಕೇಟು ತೆಗೆದು ಹಿಂದಿನ ಸಾಲಿನಲ್ಲಿ ಕೂತೆ. ರೀಲು ನಿಂತಿತು. ಆ ಹೊಸಬ ರುಮಾಲು ಸುತ್ತಿ ಬಂದು ಬೋಗುಣಿಗೆ ಕುಂಕುಮ ಇಟ್ಟ. "ಕಾವೇರಮ್ಮ ತನ್ ಮಡ್ಲಿಗೆ..." ಎಂದು ತಮಿಳಿನವರ ಕನ್ನಡದಲ್ಲಿ ಶುರು ಮಾಡಿದ. ಹೆಂಗಸರ ಕಡೆ ಒಬ್ಬಾಕೆ ಆಗಲೇ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು. ಎದ್ದು ನಿಂತು, ಇದು ಹುರಿದ ಮರಳಮ್ಮ, ಇದನ್ನು ಯಾರ ಬಾಯಿಗೂ ಹಾಕಬೇಡಿ ಎಂದು ಕೂಗಿದ್ದರೆ ಡೇರೆಗೆಲ್ಲ ಕೇಳಿಸುತ್ತಿತ್ತು.

ನಾನು ಕೂಗಲಿಲ್ಲ. ಅವನು ಮುಷ್ಟಿಯನ್ನು ಬಹಳ ಬೇಗ ಮೇಲೆತ್ತಿದ, ಮರದ ಹೆಸರು ಹೇಳಿ ಒಂದು ಗಳಿಗೆ ಸುಮ್ಮನಿರಬೇಕಿತ್ತು, ನಾನಾಗಿದ್ದರೆ ಇನ್ನೂ ಚೆನ್ನಾಗಿ ಮಾಡುತ್ತಿದ್ದೆ ಎಂದು ಯೋಚಿಸುತ್ತಾ ಕೂತಿದ್ದೆ.